ತಂಗಡಿ ಬೀಜದ ನಿದ್ದೆ

ಕೇಳುಗರಿಗೆಲ್ಲ ನಮಸ್ಕಾರ.

ರಸ್ತೆ ಬದಿಯ ತಂಗಡಿ, ಬೇಲಿಯ ಶಂಖಪುಷ್ಪ, ಹೊಲದ ಬದುವಿನ ತುಂಬೆ, ಇವನ್ನು ಮನೆಯಂಗಳದಲ್ಲಿ ಬೀಜದಿಂದ ಬೆಳೆಸಲು ಹೋಗಿ ಬೇಸರಗೊಂಡವರು ನಿಮ್ಮಲ್ಲಿ ಹಲವರಿರಬಹುದು. ಬಿತ್ತಿದಿರಿ, ನೀರು ಹಾಕಿದಿರಿ, ಹುಟ್ಟಲಿಲ್ಲ. ಬೀಜ ಸತ್ತಿದೆ ಎಂದು ಕುಂಡದ ಮಣ್ಣನ್ನು ತಿಪ್ಪೆಗೆ ಸುರಿದಿರಿ. ದಯವಿಟ್ಟು ಸುರಿಯಬೇಡಿ. ಬೀಜ ಸತ್ತಿಲ್ಲ, ಮಲಗಿದೆ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ರಾಗಿ ಬಿತ್ತಿದರೆ ನಾಲ್ಕಾರು ದಿನದಲ್ಲಿ ಹೊಲವೆಲ್ಲ ಹಸಿರು. ಹಾಗೆ ಒಟ್ಟಿಗೆ ಮೊಳೆಯುವ ಬೀಜವನ್ನೇ ರೈತರು ಸಾವಿರಾರು ವರ್ಷ ಆರಿಸಿ ಉಳಿಸಿಕೊಂಡು ಬಂದಿದ್ದಾರೆ. ಕಾಡು ಗಿಡವನ್ನು ಯಾರೂ ಹಾಗೆ ಪಳಗಿಸಿಲ್ಲ. ಮೊದಲ ಮಳೆಗೇ ಎಲ್ಲ ಬೀಜ ಎದ್ದು, ಆಮೇಲೆ ಮಳೆ ಕೈಕೊಟ್ಟರೆ ಅದರ ವಂಶವೇ ಮುಗಿಯಿತು. ಅದಕ್ಕೇ ಕೆಲವು ಈ ವರ್ಷ ಏಳುತ್ತವೆ, ಕೆಲವು ಮುಂದಿನ ವರ್ಷ. ತಂಗಡಿ, ಶಂಖಪುಷ್ಪಗಳಲ್ಲಿ ಈ ನಿದ್ದೆಯ ಬೀಗ ಸಿಪ್ಪೆಯಲ್ಲಿದೆ. ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ.

ಬೀಗ ತೆಗೆಯುವುದನ್ನು ನಾನು ಕಲಿತದ್ದು ನನ್ನ ಸೋದರತ್ತೆಯಿಂದ. ಚಿತ್ರದುರ್ಗದ ದಾರಿಯಲ್ಲಿ ಬಸ್ಸು ನಿಂತಾಗ ಒಂದು ಹಿಡಿ ಒಣಗಿದ ತಂಗಡಿ ಕಾಯಿ ಕಿತ್ತು ತಂದಿದ್ದೆ. ಬೇಲಿಯ ಮೇಲೆ ಆ ಹಳದಿ ಹೂಗೊಂಚಲು ಕಂಡರೆ ನನಗೆ ಮುಂದೆ ಹೆಜ್ಜೆ ಇಡಲಾಗುವುದಿಲ್ಲ. ನಲವತ್ತು ಬೀಜ ಹಾಕಿದೆ, ಮೂರು ಹುಟ್ಟಿದವು. ಉಳಿದ ಬೀಜವನ್ನು ಎಸೆಯುವ ಹೊತ್ತಿಗೆ ಅತ್ತೆ ಊರಿನಿಂದ ಬಂದರು. ಪೊಟ್ಟಣ ಬಿಚ್ಚಿ ನೋಡಿ, "ಇದು ರಾಗಿಯಲ್ಲಮ್ಮ, ಇದಕ್ಕೆ ಸ್ವಲ್ಪ ಪೆಟ್ಟು ಬೇಕು" ಎಂದರು. ದೇವರಮನೆಯಿಂದ ಗಂಧ ತೇಯುವ ಸಾಣೆಕಲ್ಲನ್ನೇ ತರಿಸಿದರು! ಒಂದೊಂದೇ ಬೀಜವನ್ನು ಬೆರಳ ತುದಿಯಲ್ಲಿ ಒತ್ತಿ, ಒಂದು ಬದಿಯ ಹೊಳಪು ಹೋಗುವಷ್ಟು ಮಾತ್ರ ತೇಯ್ದರು. ಮಾತಾಡುತ್ತ, ಅಡಕೆ ಅಗಿಯುತ್ತ, ಇಡೀ ಮಧ್ಯಾಹ್ನ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿದೆವು. ಬೆಳಿಗ್ಗೆ ನೋಡಿದರೆ ಬೀಜಗಳು ಉಬ್ಬಿ ದಪ್ಪಗಾಗಿದ್ದವು. ಉಬ್ಬದೆ ಉಳಿದ ಐದಾರನ್ನು ಅತ್ತೆ ಮತ್ತೆ ತೇಯ್ದರು, ಬಿಡಲಿಲ್ಲ. ಎಂಟನೆಯ ದಿನ ಕುಂಡದ ತುಂಬ ಜೋಡಿ ಎಲೆ. ಅತ್ತೆ ಈಗಿಲ್ಲ. ಆ ಗಿಡಗಳ ಮೊಮ್ಮಕ್ಕಳು ನಮ್ಮ ಕಾಂಪೌಂಡಿನ ಪಕ್ಕ ಈಗಲೂ ಹೂ ಬಿಡುತ್ತಿವೆ.

ಸಾಣೆಕಲ್ಲು ಇಲ್ಲದಿದ್ದರೆ ಉಪ್ಪುಕಾಗದ ಸಾಕು. ಒಳಗಿನ ಬೇಳೆಗೆ ಗಾಯವಾಗಬಾರದು, ಅಷ್ಟೇ.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಮುಷ್ಟಿಯೊಳಗೆ ಹಿಡಿದು ಕೀಳಿ. ಅದನ್ನು ತೇಯುವುದು ಬೇಡ. ತುಂಬೆಯ ಬೀಜ ಬಹಳ ಸಣ್ಣದು. ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ಮಣ್ಣು ಮುಚ್ಚಬೇಡಿ. ಗೊಬ್ಬರ ಯಾವುದು ಎಂದು ಎಲ್ಲರೂ ಕೇಳುತ್ತೀರಿ. ಬೇಡ ಎಂದು ಎಷ್ಟು ಸಲ ಹೇಳಲಿ? ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಹೂ ಕಡಿಮೆಯಾಗುತ್ತದೆ.

ಮೃಗಶಿರ ಮಳೆಗೆ ಬಿತ್ತಿ. ಹುಟ್ಟದ ಕುಂಡವನ್ನು ಬಿಸಿಲಿಗೆ ಸರಿಸಿಡಿ, ಬರಿದು ಮಾಡಬೇಡಿ. ಮುಂದಿನ ಮೃಗಶಿರದವರೆಗೂ ಅದು ಅಲ್ಲೇ ಇರಲಿ, ಬೀಜ ಮಲಗಿದೆ. ನಮಸ್ಕಾರ.