ಕ್ಲಬ್ಬೇ ಇಲ್ಲದವನು ಫೈನಲ್‌ನಲ್ಲಿ ಹೊಡೆದ ಗೋಲು

ನಮಸ್ಕಾರ ಕೇಳುಗರೇ. ಅರ್ಜೆಂಟೀನಾ ದೇಶದ ಪರವಾಗಿ 36 ಮ್ಯಾಚ್ ಆಡಿ ಒಂದೇ ಒಂದು ಗೋಲು ಹೊಡೆದ ಒಬ್ಬ ಡಿಫೆಂಡರ್ ಬಗ್ಗೆ ಇವತ್ತು ಮಾತಾಡ್ತೀನಿ. ಆ ಒಂದು ಗೋಲು ಬಂದಿದ್ದು 1986ರ ವರ್ಲ್ಡ್ ಕಪ್ ಫೈನಲ್‌ನಲ್ಲಿ. ಅದನ್ನ ಹೊಡೆದ ದಿನ ಅವನ ಕೈಯಲ್ಲಿ ಯಾವ ಕ್ಲಬ್ಬಿನ ಕಾಂಟ್ರಾಕ್ಟೂ ಇರ್ಲಿಲ್ಲ, ಅಂದ್ರೆ ತಿಂಗಳ ಸಂಬಳ ಕೊಡೋರೇ ಇಲ್ದೇ ಇರೋ ಒಬ್ಬ ಆಟಗಾರ ಹೋಗಿ ವೆಸ್ಟ್ ಜರ್ಮನಿ ಮೇಲೆ ಫೈನಲ್‌ನ ಮೊದಲ ಗೋಲು ಹೊಡೆದ. ಹೆಸರು ಹೊಸೆ ಲೂಯಿಸ್ ಬ್ರೌನ್. ಅವರ ಊರಲ್ಲಿ ಎಲ್ಲರೂ ಕರೀತಿದ್ದಿದ್ದು ತಾತಾ ಬ್ರೌನ್ ಅಂತ.

ಹುಟ್ಟಿದ್ದು 1956ರ ನವೆಂಬರ್ 10ಕ್ಕೆ, ಬ್ಯೂನಸ್ ಐರಿಸ್ ಪ್ರಾಂತ್ಯದ ರಾಂಚೋಸ್ ಅನ್ನೋ ಸಣ್ಣ ಊರಲ್ಲಿ. ರಾಜಧಾನಿ ಬಿಟ್ಟು ದಕ್ಷಿಣಕ್ಕೆ ಹೋದ್ರೆ ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು, ದನಗಳು, ಅಂಥ ಬಯಲು ಸೀಮೆ. ಅಲ್ಲಿಂದ ಲಾ ಪ್ಲಾಟಾ ಸಿಟಿಗೆ ಬಂದು ಎಸ್ತುದಿಯಾಂತೆಸ್ ಕ್ಲಬ್ ಸೇರ್ಕೊಂಡ, 1975ರಲ್ಲಿ ದೊಡ್ಡವರ ಟೀಮಿಗೆ ಆಡೋಕೆ ಶುರು ಮಾಡಿದ. ಈ ಕ್ಲಬ್ ಬಗ್ಗೆ ಸ್ವಲ್ಪ ಹೇಳ್ಲೇಬೇಕು, ಯಾಕಂದ್ರೆ ಬ್ರೌನ್ ಯಾಕೆ ಹಾಗಾದ ಅನ್ನೋದು ಇಲ್ಲೇ ಇದೆ. ಎಸ್ತುದಿಯಾಂತೆಸ್ ಬೊಕಾ, ರಿವರ್ ತರ ದುಡ್ಡಿನ ಕ್ಲಬ್ ಅಲ್ಲ, ಆದ್ರೂ 1968, 69, 70 ಅಂತ ಸತತ ಮೂರು ವರ್ಷ ದಕ್ಷಿಣ ಅಮೆರಿಕಾದ ದೊಡ್ಡ ಕಪ್ಪು ಕೋಪಾ ಲಿಬೆರ್ತದೋರೆಸ್ ಗೆದ್ದಿತ್ತು, ಮ್ಯಾಂಚೆಸ್ಟರ್ ಯುನೈಟೆಡ್‌ನೂ ಸೋಲಿಸಿತ್ತು. ಹೇಗೆ ಗೆದ್ರು ಅಂದ್ರೆ ತಯಾರಿಯಿಂದ. ಎದುರಾಳಿ ಹೇಗಾಡ್ತಾನೆ ಅಂತ ಓದ್ಕೊಂಡು ಬರೋದು, ಫ್ರೀ ಕಿಕ್ಕು ಕಾರ್ನರ್ರು ಮತ್ತೆ ಮತ್ತೆ ಪ್ರಾಕ್ಟೀಸ್ ಮಾಡೋದು, ಆಫ್‌ಸೈಡ್ ಟ್ರಾಪ್ ಹಾಕೋದು, ಅಂದ್ರೆ ಡಿಫೆಂಡರ್‌ಗಳೆಲ್ಲ ಒಟ್ಟಿಗೆ ಮುಂದೆ ಸರಿದು ಎದುರಾಳಿನ ಆಫ್‌ಸೈಡಲ್ಲಿ ಸಿಕ್ಕಿಸೋದು. ನೋಡೋರಿಗೆ ಚೆಂದ ಇಲ್ಲ ಅಂತ ತುಂಬ ಜನ ಬೈದ್ರು, ಒರಟು ಆಟ ಅಂತಾನೂ ಬೈದ್ರು, ಅದ್ರಲ್ಲಿ ನಿಜಾನೂ ಇತ್ತು. ಆ ಟೀಮಲ್ಲಿ ಮಿಡ್‌ಫೀಲ್ಡ್ ಆಡ್ತಿದ್ದ ಒಬ್ಬರು ಜೊತೆಗೇ ಮೆಡಿಕಲ್ ಓದಿ ಡಾಕ್ಟರೂ ಆದ್ರು. ಅವರೇ ಕಾರ್ಲೋಸ್ ಬಿಲಾರ್ದೊ.

ಮುಂದೆ ಬಿಲಾರ್ದೊ ಅದೇ ಕ್ಲಬ್ಬಿಗೆ ಕೋಚ್ ಆಗಿ ಬಂದ್ರು, 1982ರಲ್ಲಿ ಲೀಗ್ ಗೆಲ್ಲಿಸಿದ್ರು, ಡಿಫೆನ್ಸ್ ಮಧ್ಯದಲ್ಲಿ ಬ್ರೌನ್ ಇದ್ದ. ಅದೇ ಟೀಮಲ್ಲಿ ಮಾರ್ಸೆಲೊ ತ್ರೊಬ್ಬಿಯಾನಿ ಅಂತ ಇನ್ನೊಬ್ಬ ಇದ್ದ, ಅವನ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಆಮೇಲೆ ಬಿಲಾರ್ದೊ ದೇಶದ ಟೀಮಿಗೆ ಕೋಚ್ ಆದ್ರು, 1983ರಲ್ಲಿ ಎಸ್ತುದಿಯಾಂತೆಸ್ ಇನ್ನೊಂದು ಟೈಟಲ್ಲೂ ಗೆದ್ದಿತು, ಬ್ರೌನ್ ಕೊಲಂಬಿಯಾದ ಅತ್ಲೆತಿಕೊ ನಾಸಿಯೊನಾಲ್‌ಗೆ ಹೋದ. ಅಲ್ಲಿಂದ ವಾಪಸ್ ಬಂದು ಬೊಕಾ ಜೂನಿಯರ್ಸ್, ಅದಾದ್ಮೇಲೆ ದೆಪೋರ್ತಿವೊ ಎಸ್ಪಾನ್ಯೋಲ್. ಮೊಣಕಾಲು ಕೈ ಕೊಡ್ತಾ ಬಂತು, ಆಡೋ ಮ್ಯಾಚು ಕಮ್ಮಿ ಆಗ್ತಾ ಬಂತು, 1986ರ ಹೊತ್ತಿಗೆ ಅವನಿಗೆ 29 ವರ್ಷ, ಕ್ಲಬ್ಬೇ ಇಲ್ಲ. ಇಂಥ ಆಟಗಾರನನ್ನ ಪೇಪರ್‌ನೋರು ಲೆಕ್ಕದಿಂದ ತೆಗೆದುಬಿಡ್ತಾರೆ, ತೆಗೆದೂಬಿಟ್ಟಿದ್ರು.

ಆದ್ರೆ ಬಿಲಾರ್ದೊ ತೆಗೀಲಿಲ್ಲ. ಆಗ ಬಿಲಾರ್ದೊ ಅವರ ಸ್ಥಿತೀನೇ ಗಟ್ಟಿ ಇರ್ಲಿಲ್ಲ ಅನ್ನೋದನ್ನೂ ಮರೀಬಾರ್ದು. 1984ರ ಜನವರಿಯಲ್ಲಿ ಅವರ ಟೀಮು ನೆಹರೂ ಕಪ್‌ಗೆ ಅಂತ ಕೋಲ್ಕತಾಗೆ ಬಂದಿತ್ತು, ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ಇಂಡಿಯಾ ಮೇಲೆ ಗೆದ್ದಿದ್ದು ಬರೀ 1-0, ಆ ಗೋಲು ಹೊಡೆದವನು ರಿಕಾರ್ದೊ ಗರೇಕಾ. 1985ರಲ್ಲಿ ಪೆರು ವಿರುದ್ಧ ಕ್ವಾಲಿಫೈಯಿಂಗ್ ಮ್ಯಾಚಲ್ಲಿ ಸೋಲೋ ಹಂತಕ್ಕೆ ಹೋಗಿ, ಮುಗಿಯೋಕೆ ಸ್ವಲ್ಪ ಹೊತ್ತಿದೆ ಅನ್ನೋವಾಗ ಇದೇ ಗರೇಕಾ ಬಾಲ್ ಒಳಗೆ ತಳ್ಳಿ 2-2 ಮಾಡಿದ, ಅದ್ರಿಂದಾನೇ ಅರ್ಜೆಂಟೀನಾ ಮೆಕ್ಸಿಕೊಗೆ ಹೋಗಿದ್ದು. ಕೋಚ್‌ನ ತೆಗೀರಿ ಅಂತ ಪೇಪರಲ್ಲಿ ದಿನಾ ಬರೀತಿದ್ರು, ಸರ್ಕಾರದ ಕಡೆಯಿಂದಾನೂ ಒತ್ತಡ ಇತ್ತು. ಅಂಥ ಹೊತ್ತಲ್ಲಿ ಬಿಲಾರ್ದೊ ಏನ್ ಮಾಡಿದ್ರು ಅಂದ್ರೆ, ವರ್ಲ್ಡ್ ಕಪ್‌ಗೆ ಟಿಕೆಟ್ ಕೊಡ್ಸಿದ ಗರೇಕಾನ ಮನೇಲಿ ಬಿಟ್ಟು, ಕ್ಲಬ್ ಇಲ್ಲದ ಬ್ರೌನ್‌ನ ಕರ್ಕೊಂಡು ಹೋದ್ರು. ಗರೇಕಾಗೆ ಆಗಿದ್ದು ಅನ್ಯಾಯ ಅಂತ್ಲೇ ನನಗನ್ಸುತ್ತೆ, ಈಗ್ಲೂ. ಆದ್ರೆ ಬ್ರೌನ್ ವಿಷಯದಲ್ಲಿ ಬಿಲಾರ್ದೊ ನೋಡಿದ್ದು ಫಾರ್ಮ್ ಅಲ್ಲ, ವರ್ಷಗಟ್ಟಲೆ ಜೊತೇಲಿದ್ದು ನೋಡಿದ ಮನುಷ್ಯನ್ನ.

ಹಾಗಂತ ಆಡ್ಸೋಕೆ ಅಂತ ಕರ್ಕೊಂಡು ಹೋಗಿದ್ದಲ್ಲ. ಆ ಜಾಗ ಡೇನಿಯಲ್ ಪಾಸರೆಲ್ಲಾದು. 1978ರಲ್ಲಿ ಅರ್ಜೆಂಟೀನಾ ಮೊದಲ ಸಲ ವರ್ಲ್ಡ್ ಕಪ್ ಗೆದ್ದಾಗ ಕಪ್ ಎತ್ತಿದ ಕ್ಯಾಪ್ಟನ್ ಅವನು, ಡಿಫೆಂಡರ್ ಆಗಿದ್ಕೊಂಡು ಸ್ಟ್ರೈಕರ್ ಥರ ಗೋಲ್ ಹೊಡೀತಿದ್ದ. ಅವನು ಫಿಟ್ ಇದ್ರೆ ಬ್ರೌನ್ ಬೆಂಚ್ ಮೇಲೆ ಕೂತು ಮ್ಯಾಚ್ ನೋಡ್ಕೊಂಡು ಬರಬೇಕಿತ್ತು. ಮೆಕ್ಸಿಕೊದಲ್ಲಿ ಪಾಸರೆಲ್ಲಾಗೆ ಹೊಟ್ಟೆ ಕೆಟ್ಟಿತು, ಮಾಮೂಲಿ ಹೊಟ್ಟೆನೋವಲ್ಲ, ಆಸ್ಪತ್ರೆ ಸೇರೋ ಥರದ್ದು, ಅದಾದ್ಮೇಲೆ ಮಸಲ್ ಇಂಜುರಿ ಬೇರೆ. ಪಾಪ, ಆ ಟೂರ್ನಮೆಂಟಲ್ಲಿ ಒಂದು ನಿಮಿಷಾನೂ ಆಡ್ಲಿಲ್ಲ. ಜೂನ್ 2ಕ್ಕೆ ಸೌತ್ ಕೊರಿಯಾ ಮೇಲೆ ಮೊದಲ ಮ್ಯಾಚಿಗೆ 5ನೇ ನಂಬರ್ ಜರ್ಸಿ ಹಾಕ್ಕೊಂಡು ಗ್ರೌಂಡಿಗೆ ಇಳಿದವನು ಬ್ರೌನ್, ಅಲ್ಲಿಂದ ಏಳಕ್ಕೆ ಏಳೂ ಮ್ಯಾಚಲ್ಲಿ ಆಡಿದ.

ಅವನು ಆಡ್ತಿದ್ದ ಜಾಗಕ್ಕೆ ಲಿಬರೊ ಅಂತಾರೆ, ಸ್ವೀಪರ್ ಅಂತಾನೂ ಅಂತಾರೆ. ಈಗಿನ ಫುಟ್‌ಬಾಲಲ್ಲಿ ಆ ಪೊಸಿಷನ್ ಹೆಚ್ಚು ಕಮ್ಮಿ ಇಲ್ವೇ ಇಲ್ಲ. ಮುಂದೆ ಇಬ್ಬರು ಸ್ಟಾಪರ್‌ಗಳು, ಅರ್ಜೆಂಟೀನಾಗೆ ಆಗ ಆಸ್ಕರ್ ರುಗ್ಗೇರಿ ಮತ್ತೆ ಎರಡನೇ ಮ್ಯಾಚಿಂದ ಹೊಸೆ ಲೂಯಿಸ್ ಕುಚೂಫೊ, ಇವರು ಎದುರಾಳಿ ಸ್ಟ್ರೈಕರ್‌ಗಳಿಗೆ ಅಂಟ್ಕೊಂಡು ಹೋಗ್ತಾರೆ. ಇವರ ಹಿಂದೆ ಒಬ್ಬ ಫ್ರೀಯಾಗಿ ನಿಂತಿರ್ತಾನೆ. ಅವನಿಗೆ ಹಿಡಿಯೋಕೆ ಅಂತ ಆಳಿಲ್ಲ, ಅವನ ಕೆಲಸ ನೋಡೋದು, ಯಾರು ತಪ್ಪಿಸ್ಕೊಂಡು ಬಂದ್ರೂ ಅಲ್ಲಿರೋದು, ಕೂಗಿ ಕೂಗಿ ಮುಂದಿನವರನ್ನ ನಿಲ್ಸೋದು. ಬ್ರೌನ್ ಆಗ ಜೋರಾಗಿ ಓಡೋ ಆಟಗಾರ ಅಲ್ಲ, ಮೊಣಕಾಲು ಬಿಡ್ತಿರ್ಲಿಲ್ಲ. ಆದ್ರೆ ಬಿಲಾರ್ದೊ ಏನು ಬೇಕು ಅಂತಾರೆ ಅನ್ನೋದು ಅವನಿಗೆ ಹೇಳಿಕೊಡೋ ಅಗತ್ಯವೇ ಇರ್ಲಿಲ್ಲ. ಇಟಲಿ ಜೊತೆ 1-1, ಬಲ್ಗೇರಿಯಾ ಮೇಲೆ 2-0, ಉರುಗ್ವೆ ಮೇಲೆ 1-0, ಇಂಗ್ಲೆಂಡ್ ಮೇಲೆ 2-1, ಬೆಲ್ಜಿಯಂ ಮೇಲೆ 2-0. ಫೈನಲ್‌ಗೆ ಮುಂಚೆ ಆರು ಮ್ಯಾಚಲ್ಲಿ ಬಿಟ್ಟುಕೊಟ್ಟಿದ್ದು ಮೂರೇ ಗೋಲು. ಮರಡೋನಾ ಆ ತಿಂಗಳು ಆಡಿದ ಆಟ ಇನ್ನೊಬ್ಬ ಆಡಿಲ್ಲ, ಅದ್ರಲ್ಲಿ ನನಗೆ ಎರಡು ಮಾತಿಲ್ಲ, ಆದ್ರೆ ಮರಡೋನಾ ಒಂದು ಗೋಲು ಹೊಡೆದ್ರೆ ಅದು ಸಾಕಾಗ್ಬೇಕು ಅಂದ್ರೆ ಹಿಂದೆ ಯಾರೋ ಬಾಗಿಲು ಹಾಕ್ಕೊಂಡು ನಿಂತಿರ್ಬೇಕಲ್ವಾ.

ಈಗ ಫೈನಲ್‌ಗೆ ಬರ್ತೀನಿ. 1986 ಜೂನ್ 29, ಮೆಕ್ಸಿಕೊ ಸಿಟಿಯ ಅಸ್ತೇಕಾ ಸ್ಟೇಡಿಯಂ, ಒಂದು ಲಕ್ಷದ ಮೇಲೆ ಜನ. ಅಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಸುಡು ಬಿಸಿಲು, ನಮಗಿಲ್ಲಿ ರಾತ್ರಿ ಹನ್ನೊಂದೂವರೆ, ದೂರದರ್ಶನದಲ್ಲಿ ಲೈವ್ ಬಂದಿತ್ತು, ನಮ್ಮಲ್ಲಿ ಬಹಳ ಜನ ಅರ್ಜೆಂಟೀನಾ ಫ್ಯಾನ್ ಆಗಿದ್ದು ಆ ವರ್ಲ್ಡ್ ಕಪ್‌ನಿಂದಾನೇ. 23ನೇ ನಿಮಿಷಕ್ಕೆ ಅರ್ಜೆಂಟೀನಾಗೆ ಬಲಗಡೆಯಿಂದ ಫ್ರೀ ಕಿಕ್ ಸಿಕ್ಕಿತು. ಹೊರ್ಹೆ ಬುರುಚಾಗಾ ಬಾಲ್‌ನ ಮೇಲೆತ್ತಿ ಬಾಕ್ಸ್ ಒಳಗೆ ಹಾಕಿದ. ಜರ್ಮನಿ ಗೋಲ್‌ಕೀಪರ್ ಟೋನಿ ಶುಮಾಕರ್ ಸಣ್ಣ ಆಳಲ್ಲ, ಆ ಕಾಲದ ದೊಡ್ಡ ಕೀಪರ್‌ಗಳಲ್ಲಿ ಒಬ್ಬ, ಅವನು ಹಿಡೀತೀನಿ ಅಂತ ಗೋಲ್ ಬಿಟ್ಟು ಮುಂದೆ ಬಂದ, ಬಾಲ್ ಅವನನ್ನ ದಾಟಿ ಹೋಯ್ತು, ಹಿಂದಿನಿಂದ ಓಡಿ ಬಂದ ಬ್ರೌನ್ ಹಾರಿ ತಲೆ ಕೊಟ್ಟ, ಖಾಲಿ ಗೋಲಿಗೆ ಬಾಲ್ ಹೋಯ್ತು. 1-0. ಈ ಗೋಲನ್ನ ಶುಮಾಕರ್ ತಪ್ಪು ಅಂತ ಮಾತ್ರ ಹೇಳಿ ಮುಗ್ಸೋರು ಇದಾರೆ, ನಾನು ಒಪ್ಪಲ್ಲ. ಎಸ್ತುದಿಯಾಂತೆಸ್‌ನಲ್ಲಿ ವರ್ಷಾನುಗಟ್ಟಲೆ ಫ್ರೀ ಕಿಕ್ಕಿಗೆ ಯಾವಾಗ ಓಡಬೇಕು ಎಲ್ಲಿಗೆ ಓಡಬೇಕು ಅಂತ ಕಲಿತಿದ್ದವನು ಬ್ರೌನ್, ಕೀಪರ್ ತಪ್ಪು ಮಾಡಿದ ಕ್ಷಣದಲ್ಲಿ ಅಲ್ಲಿ ಇದ್ನಲ್ಲ, ಅದು ಸುಮ್ನೆ ಆಗೋ ಮಾತಲ್ಲ.

ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಡಿಕ್ಕಿಯಲ್ಲಿ ಬ್ರೌನ್ ಕೆಳಗೆ ಬಿದ್ದ. ಭುಜದ ಕೀಲು ಜಾರಿತ್ತು. ಭುಜ ಜಾರಿದವರನ್ನ ನೋಡಿದೋರಿಗೆ ಗೊತ್ತಿರುತ್ತೆ, ಕೈ ಸ್ವಲ್ಪ ಅಲ್ಲಾಡಿದ್ರೂ ಜೀವ ಹೋದಂಗಾಗುತ್ತೆ, ಓಡೋದು ದೂರದ ಮಾತು, ಉಸಿರು ತಗೊಳ್ಳೋಕೂ ನೋವು. ಟೀಮ್ ಡಾಕ್ಟರ್ ರಾವುಲ್ ಮದೇರೊ ಬಂದ್ರು, ಅವರೂ ಹಿಂದೆ ಎಸ್ತುದಿಯಾಂತೆಸ್‌ನಲ್ಲೇ ಡಿಫೆಂಡರ್ ಆಗಿದ್ದವರು. ನನ್ನನ್ನ ಹೊರಗೆ ಕರ್ಕೊಂಡು ಹೋಗೋ ಯೋಚನೇನೂ ಮಾಡ್ಬೇಡಿ ಅಂತ ಬ್ರೌನ್ ಕಡ್ಡಿ ಮುರಿದಂಗೆ ಹೇಳಿಬಿಟ್ಟ. ಆಮೇಲೆ ಮಾಡಿದ್ದೇನು ಅಂದ್ರೆ, ಹಾಕ್ಕೊಂಡಿದ್ದ ಜರ್ಸಿಯ ಎದೆ ಹತ್ರ ಹಲ್ಲಲ್ಲಿ ಕಚ್ಚಿ ತೂತು ಮಾಡಿ, ಆ ತೂತಿಗೆ ಬೆರಳು ಸಿಗಿಸ್ಕೊಂಡ, ಕೈ ಜೋಲಾಡ್ದೇ ಎದೆಗೆ ಅಂಟಿ ಇರ್ಲಿ ಅಂತ. ಮುರಿದ ಕೈಗೆ ಕುತ್ತಿಗೆಯಿಂದ ಬಟ್ಟೆ ಕಟ್ತಾರಲ್ಲ, ಆ ಕೆಲಸ ಜರ್ಸಿ ಮಾಡ್ತು. ಹಾಗೇ ಪೂರ್ತಿ ಮ್ಯಾಚ್ ಆಡಿದ.

ಅದೂ ಎಂಥ ಹೊತ್ತು ನೋಡಿ. ವಾಲ್ದಾನೊ ಎರಡನೇ ಗೋಲ್ ಹೊಡೆದು 2-0 ಆಗಿತ್ತು, ಇನ್ನೇನು ಮುಗೀತು ಅಂತ ಎಲ್ಲರೂ ಅಂದ್ಕೊಂಡಾಗ ಜರ್ಮನ್ನರು ಕಾರ್ನರ್ ಮೇಲೆ ಕಾರ್ನರ್ ತಗೊಂಡ್ರು. 74ನೇ ನಿಮಿಷ ರುಮ್ಮೆನಿಗೆ, ಇನ್ನೊಂದು ಆರೇಳು ನಿಮಿಷಕ್ಕೆ ರೂಡಿ ಫೋಲರ್, ಎರಡೂ ಕಾರ್ನರಿಂದಾನೇ, 2-2. ಎತ್ತರದ ಬಾಲ್‌ಗಳು ಬರ್ತಾ ಇದ್ದಾಗ ಒಂದು ಕೈ ಎದೆಗೆ ಕಟ್ಕೊಂಡ ಡಿಫೆಂಡರ್ ಹಾರಿ ಬೀಳಬೇಕು, ಮತ್ತೆ ಏಳಬೇಕು, ತಳ್ಳಾಟದಲ್ಲಿ ಆ ಭುಜಕ್ಕೇ ಪೆಟ್ಟು ಬೀಳುತ್ತೆ. ಆಮೇಲೆ ಮರಡೋನಾ ನಾಲ್ಕೈದು ಜರ್ಮನ್ನರ ನಡುವಿಂದ ಒಂದೇ ಟಚ್‌ನಲ್ಲಿ ಪಾಸ್ ಕೊಟ್ಟ, ಬುರುಚಾಗಾ ಒಬ್ಬನೇ ಓಡಿ ಹೋಗಿ 3-2 ಮಾಡಿದ. ಬಿಲಾರ್ದೊ ಇಡೀ ಫೈನಲ್‌ನಲ್ಲಿ ಬದಲಿಯಾಗಿ ಇಳಿಸಿದ್ದು ಒಬ್ಬನ್ನೇ, ಅದೂ ಕೊನೇ ಗಳಿಗೆಯಲ್ಲಿ, ಬುರುಚಾಗಾ ಬದಲಿಗೆ ತ್ರೊಬ್ಬಿಯಾನಿ. ಹೌದು, ಲಾ ಪ್ಲಾಟಾದ ಅದೇ ತ್ರೊಬ್ಬಿಯಾನಿ. ಹಳೇ ಟೀಮಿನ ಇಬ್ಬರೂ ಹಾಗೆ ಕೊನೇ ಸೀಟಿ ಊದಿದಾಗ ಗ್ರೌಂಡಲ್ಲಿದ್ರು. ಗೆದ್ದ ಮೇಲೂ ಬಿಲಾರ್ದೊಗೆ ಪೂರ್ತಿ ಖುಷಿ ಆಗ್ಲಿಲ್ಲ, ಕಾರ್ನರ್‌ನಿಂದ ಎರಡು ಗೋಲ್ ಬಿಟ್ಟುಕೊಟ್ವಲ್ಲ ಅಂತ ಕೊರಗ್ತಿದ್ರು.

ಮುಂದಿನದ್ದನ್ನ ಬೇಗ ಹೇಳ್ತೀನಿ. ವರ್ಲ್ಡ್ ಚಾಂಪಿಯನ್ ಆದ್ಮೇಲೆ ಫ್ರಾನ್ಸಿನ ಬ್ರೆಸ್ಟ್ ಕ್ಲಬ್ ಕರೀತು, ಆಮೇಲೆ ಸ್ಪೇನಿನ ಮುರ್ಸಿಯಾ, 1989ರಲ್ಲಿ ವಾಪಸ್ ಬಂದು ಬ್ಯೂನಸ್ ಐರಿಸ್‌ನ ರೇಸಿಂಗ್ ಕ್ಲಬ್, ಅಲ್ಲಿಗೆ ಆಟ ನಿಲ್ಸಿದ. 1990ರ ವರ್ಲ್ಡ್ ಕಪ್‌ನಲ್ಲಿ ಆ ಜಾಗದಲ್ಲಿ ಹುವಾನ್ ಸಿಮೋನ್ ಆಡಿದ. ಬ್ರೌನ್ ಕೋಚ್ ಕೆಲಸಕ್ಕೆ ಇಳಿದ, ದೊಡ್ಡ ಹೆಸರೇನೂ ಮಾಡ್ಲಿಲ್ಲ, ಆದ್ರೆ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಜೆಂಟೀನಾ ಹೋದಾಗ ಕೋಚ್ ಸೆರ್ಹಿಯೊ ಬಾತಿಸ್ತಾಗೆ ಅಸಿಸ್ಟೆಂಟ್ ಆಗಿ ಹೋದ. ಬಾತಿಸ್ತಾ ಅಂದ್ರೆ 86ರ ಫೈನಲ್‌ನಲ್ಲಿ ಬ್ರೌನ್ ಮುಂದೇನೇ ಮಿಡ್‌ಫೀಲ್ಡ್ ಆಡಿದವನು. ಮೆಸ್ಸಿ, ಅಗ್ವೆರೊ, ರಿಕೆಲ್ಮೆ, ಡಿ ಮರಿಯಾ ಇದ್ದ ಟೀಮು, ಗೋಲ್ಡ್ ಗೆದ್ರು. ಮರುವರ್ಷ ನೈಜೀರಿಯಾದಲ್ಲಿ ನಡೆದ ಹದಿನೇಳರ ಒಳಗಿನ ಹುಡುಗರ ವರ್ಲ್ಡ್ ಕಪ್‌ಗೆ ಬ್ರೌನೇ ಕೋಚ್.

ಕೊನೇ ವರ್ಷಗಳು ಕಷ್ಟದವು. ಅಲ್ಜೈಮರ್ಸ್ ಬಂತು. 2019ರ ಆಗಸ್ಟ್ 12ಕ್ಕೆ ಲಾ ಪ್ಲಾಟಾದಲ್ಲಿ ತೀರ್ಕೊಂಡ, 62 ವರ್ಷ ಅಷ್ಟೇ. 86ರ ಟೀಮಿನ ಕುಚೂಫೊ 2004ರಲ್ಲೇ ಅಪಘಾತದಲ್ಲಿ ಹೋಗಿದ್ದ, ಬ್ರೌನ್ ಹೋದ ಮುಂದಿನ ವರ್ಷ ಮರಡೋನಾನೂ ಹೋದ.

ಬ್ರೌನ್ ತೀರ್ಕೊಂಡ ಅದೇ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ ಒಂದು ಅಧ್ಯಯನ ಬಂತು, ಅದನ್ನ ಇಲ್ಲಿ ಹೇಳ್ಲೇಬೇಕು. ಏಳೂವರೆ ಸಾವಿರಕ್ಕೂ ಜಾಸ್ತಿ ಮಾಜಿ ಪ್ರೊಫೆಷನಲ್ ಫುಟ್‌ಬಾಲ್ ಆಟಗಾರರ ದಾಖಲೆ ತೆಗೆದು ನೋಡಿದ್ರು, ಮೆದುಳು ಸವೆಯೋ ಕಾಯಿಲೆಗಳಿಂದ ಸಾಯೋ ಸಾಧ್ಯತೆ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಅಂತ ಸಿಕ್ಕಿತು. 2021ರಲ್ಲಿ ಅದೇ ತಂಡ ಆಟಗಾರರ ಪೊಸಿಷನ್ ಪ್ರಕಾರ ಲೆಕ್ಕ ಹಾಕಿದಾಗ ಅತಿ ಹೆಚ್ಚು ಅಪಾಯ ಇದ್ದಿದ್ದು ಡಿಫೆಂಡರ್‌ಗಳಿಗೆ, ಕಮ್ಮಿ ಇದ್ದಿದ್ದು ಗೋಲ್‌ಕೀಪರ್‌ಗಳಿಗೆ. ಎತ್ತರದಿಂದ ಬರೋ ಬಾಲಿಗೆ ಹೆಚ್ಚು ತಲೆ ಕೊಡೋರು ಡಿಫೆಂಡರ್‌ಗಳು, ಅದೇ ಕಾರಣ ಇರಬಹುದು. ಒಬ್ಬ ಮನುಷ್ಯನ ಕಾಯಿಲೆಗೆ ಇದೇ ಕಾರಣ ಅಂತ ಯಾವ ಡಾಕ್ಟರೂ ಬೊಟ್ಟು ಮಾಡಿ ತೋರ್ಸೋಕಾಗಲ್ಲ, ಬ್ರೌನ್ ವಿಷಯದಲ್ಲೂ ಅಷ್ಟೇ. ಆದ್ರೆ ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್‌ನಲ್ಲಿ ಸಣ್ಣ ಮಕ್ಕಳ ಟ್ರೈನಿಂಗಲ್ಲಿ ಹೆಡಿಂಗ್ ಕಲಿಸೋದನ್ನ ನಿಲ್ಸಿದಾರೆ ಅಂದ್ರೆ ಅದರ ಹಿಂದೆ ಈ ಲೆಕ್ಕಗಳಿವೆ. ಮಕ್ಕಳನ್ನ ಫುಟ್‌ಬಾಲ್ ಕೋಚಿಂಗಿಗೆ ಕಳ್ಸೋ ಅಪ್ಪ ಅಮ್ಮಂದಿರು ಇದನ್ನ ಕೋಚ್ ಹತ್ರ ಧೈರ್ಯವಾಗಿ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಆ ಫೈನಲ್‌ನ ಪೂರ್ತಿ ರೆಕಾರ್ಡಿಂಗ್ ಈಗ ಇಂಟರ್‌ನೆಟ್ಟಲ್ಲಿ ಸಿಗುತ್ತೆ. ಗೋಲುಗಳನ್ನಷ್ಟೇ ನೋಡಿ ಬಿಡ್ಬೇಡಿ, ಸೆಕೆಂಡ್ ಹಾಫ್ ಹಾಕ್ಕೊಂಡು ಕೂತ್ಕೊಳ್ಳಿ, ಕ್ಯಾಮೆರಾ ಮರಡೋನಾ ಹಿಂದೆ ಹೋದ್ರೂ ನೀವು ಹಿಂದೆ 5ನೇ ನಂಬರನ್ನ ಹುಡುಕಿ, ಒಂದು ಕೈ ಎದೆ ಹತ್ರ ಮಡಚಿಟ್ಕೊಂಡು ಆಡ್ತಾ ಇರ್ತಾನೆ. ನಮಸ್ಕಾರ.