ರಾಗಿ ಕಾಳಿನಷ್ಟು ಜೀವಕ್ಕೆ ಹೊಸ ಮನೆತನ

ನಮಸ್ಕಾರ ಕೇಳುಗರೇ. ಹೋದ ಮಳೆಗಾಲದಲ್ಲಿ ಚೆಂಬೂರಿನ ನಮ್ಮ ಸೊಸೈಟಿಯಲ್ಲಿ ಒಣಗಿ ನಿಂತಿದ್ದ ಗುಲ್‌ಮೊಹರ್ ಮರ ಬಿತ್ತು. ಬುಡದಲ್ಲಿ ಅಣಬೆ ಬೆಳೆದಿತ್ತು. ಸಾರಿಗೆ ಹಾಕುವ ಮೆತ್ತನೆಯದಲ್ಲ, ಕಟ್ಟಿಗೆಯಷ್ಟು ಗಟ್ಟಿ. ಒಂದು ತುಂಡು ಮುರಿದು ಬಿಳಿ ಕಾಗದದ ಮೇಲೆ ತಟ್ಟಿದೆ. ಕಂದು ಪುಡಿ ಉದುರಿತು. ಸುಮ್ನೆ ನೋಡುತ್ತಾ ಕೂತೆ. ಆ ಪುಡಿಯ ನಾಲ್ಕೈದು ಕಾಳು ಎದ್ದು ನಡೆಯತೊಡಗಿದವು!

ಅವು ಅಣಬೆ ಜೀರುಂಡೆಗಳು. ಇವುಗಳಲ್ಲಿ ಸಿಯಿಡೀ ಅಂತ ಒಂದು ಕುಟುಂಬ ಇದೆ. ಹೆಚ್ಚಿನವು ರಾಗಿ ಕಾಳಿನಷ್ಟೇ. ಮರಿಹುಳು ಬೆಳೆಯುವುದು, ತಿನ್ನುವುದು, ಜೀರುಂಡೆಯಾಗುವುದು ಎಲ್ಲ ಅಣಬೆಯ ಒಳಗೇ. ಎಷ್ಟೋ ಗಂಡುಗಳಿಗೆ ತಲೆಯ ಮೇಲೆ ಪುಟ್ಟ ಕೊಂಬು ಬೇರೆ.

ಇಂಥ ಜೀರುಂಡೆಗಳಲ್ಲಿ ಹೊಸ ಕುಲ, ಅಂದರೆ ಹತ್ತಿರದ ಪ್ರಭೇದಗಳ ಹೊಸ ಗುಂಪು, ಸಿಕ್ಕಿತು ಅಂತ ವಿಜ್ಞಾನಿಗಳು ಹೇಳಿದರೆ ಏನರ್ಥ? ಇಲ್ಲಿ ಮುಂಬೈಯಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮನೆತನದ ಹೆಸರನ್ನು ಮೊದಲು ಬರೆಸುತ್ತಾರೆ, ಅಲ್ವಾ? ಜೀವಿಗಳ ಹೆಸರೂ ಹಾಗೇ. ಮೊದಲು ಕುಲ, ಆಮೇಲೆ ಪ್ರಭೇದ. ಗೊತ್ತಿರುವ ಯಾವ ಮನೆಗೂ ಸೇರದ ಜೀರುಂಡೆಗೆ ಹೊಸ ಮನೆಯನ್ನೇ ಕಟ್ಟಬೇಕಾಗುತ್ತದೆ, ಆದರೆ ಅದು ಎಲ್ಲಿಗೂ ಸೇರುವುದಿಲ್ಲ ಅಂತ ಹೇಳಬೇಕಾದರೆ ಹಳೆಯ ಮನೆಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡಿರಬೇಕು. ಮೀಸೆಯಲ್ಲಿ ಎಷ್ಟು ಗಿಣ್ಣು, ಪಾದದಲ್ಲಿ ಎಷ್ಟು, ಕಾಲುಗಳ ನಡುವೆ ಅಂತರ ಎಷ್ಟು. ಸೂಕ್ಷ್ಮದರ್ಶಕದ ಕೆಳಗೆ ಗಂಡಿನ ಜನನಾಂಗವನ್ನೂ ಬಿಡಿಸಿ ಚಿತ್ರ ಬರೆಯುತ್ತಾರೆ. ರಾಗಿ ಕಾಳಿನೊಳಗಿಂದ, ಸೂಜಿ ಹಿಡಿದು! ಆ ಕೈಗಳ ತಾಳ್ಮೆ ನೆನೆದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಕೊನೆಗೆ ಆ ಕುಲಕ್ಕೆ ಮಾದರಿ ಯಾವ ಪ್ರಭೇದ ಅಂತ ಬರೆದು ತೋರಿಸಬೇಕು. ಅದು ನಿಯಮ.

ಒಂದು ಕತೆ ಹೇಳುತ್ತೇನೆ. ಸಿಯಿಡೀಗಿಂತಲೂ ಸಣ್ಣ, ಗರಿಯಂಥ ರೆಕ್ಕೆಯ ಜೀರುಂಡೆಗಳ ಬೇರೆ ಕುಟುಂಬವಿದೆ. 1999ರಲ್ಲಿ ವೆಸ್ಲಿ ಹಾಲ್ ಅನ್ನುವ ವಿಜ್ಞಾನಿ ಮಧ್ಯ ಅಮೆರಿಕದ ನಿಕರಾಗುವಾದಿಂದ ಬಂದ ಒಂದಕ್ಕೆ ಹೊಸ ಕುಲ ಕಟ್ಟಿ, ಸೈಡೋಸೆಲ್ಲ ಮುಸಾವಾಸೆನ್ಸಿಸ್ ಅಂತ ಹೆಸರಿಟ್ಟರು. 2015ರಲ್ಲಿ ರಷ್ಯಾದ ಅಲೆಕ್ಸಿ ಪೊಲಿಲೋವ್ ಕೊಲಂಬಿಯಾದ ಅಣಬೆಯಲ್ಲಿ ಸಿಕ್ಕ ಅದೇ ಪ್ರಭೇದದ ಜೀರುಂಡೆಗಳನ್ನು ಅಳೆದರು. ಎಲ್ಲಕ್ಕಿಂತ ಚಿಕ್ಕದು 0.325 ಮಿಲಿಮೀಟರ್. ಮೂರನ್ನು ಸಾಲಾಗಿ ನಿಲ್ಲಿಸಿದರೂ ಒಂದು ಮಿಲಿಮೀಟರ್ ತುಂಬುವುದಿಲ್ಲ. ಇಂಥ ಗಟ್ಟಿ ಅಣಬೆಯನ್ನು ತಿರುಗಿಸಿ ಅಡಿಭಾಗ ನೋಡಿ, ಸೂಜಿಯಿಂದ ಚುಚ್ಚಿದ ಹಾಗೆ ತೂತುಗಳಿರುತ್ತವೆ. ಆ ಜೀರುಂಡೆಯ ಬಳಗದವರು ಅಂಥ ತೂತುಗಳೊಳಗೆ ಓಡಾಡಿಕೊಂಡು ಅಣಬೆಯ ಬೀಜಕಣ ತಿನ್ನುತ್ತಾರೆ.

ನಮ್ಮ ಗುಲ್‌ಮೊಹರ್‌ನ ಕೊಂಬೆಗಳನ್ನು ಲಾರಿಯಲ್ಲಿ ಸಾಗಿಸಿದರು. ಬುಡವನ್ನಾದರೂ ಬಿಡಿ ಅಂತ ಸೊಸೈಟಿಯ ಮೀಟಿಂಗ್‌ನಲ್ಲಿ ಕೇಳಿಕೊಂಡೆ. ಗೆದ್ದಲು ಬರುತ್ತದೆ ಅಂತ ಜಗಳವೇ ಆಯಿತು, ಆದರೂ ಒಪ್ಪಿದರು. ಈ ಮಳೆಗೆ ಅದರ ಮೇಲೆ ಅಣಬೆಯ ಎರಡು ಹೊಸ ಹಲಗೆ ಬಂದಿವೆ. ಇನ್ನೂ ಬೆಳ್ಳಗಿವೆ, ಅಡಿಭಾಗ ಒದ್ದೆ. ಈ ಸಲ ಮುರಿಯುವುದಿಲ್ಲ, ಭೂತಗನ್ನಡಿ ಹಿಡಿದು ಅಲ್ಲೇ ಕೂರುತ್ತೇನೆ.