ಮೊದಲ ವರ್ಷವೇ ಮೈದಾನಕ್ಕೆ ಬನ್ನಿ

ಕೇಳುಗ ಮಿತ್ರರೇ, ನಮಸ್ಕಾರ.

ಡಿಗ್ರಿಯ ಕೊನೆಯ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಾಲೇಜಿನ ಒಬ್ಬಿಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. "ಸಾರ್, ನಾನು ಆರ್ಮಿ ಆಫೀಸರ್ ಆಗ್ಬೇಕು. ಏನು ಮಾಡ್ಬೇಕು?" ಅಂತ ಕೇಳುತ್ತಿದ್ದರು. ಆಸೆ ನಿಜವಾದದ್ದು. ಹೊಲದಲ್ಲಿ ದುಡಿದ ಮೈ, ಚೆನ್ನಾಗಿ ಓಡುವ ಕಾಲು. ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎನ್.ಸಿ.ಸಿ. ಸೇರಿದ್ದೀಯಾ?" ಎನ್.ಸಿ.ಸಿ. ಅಂದರೆ ನ್ಯಾಷನಲ್ ಕೆಡೆಟ್ ಕೋರ್, ವಿದ್ಯಾರ್ಥಿಗಳಿಗೆ ಸೇನೆಯ ಮಾದರಿಯ ತರಬೇತಿ ಕೊಡುವ ಸಂಸ್ಥೆ. ಇಲ್ಲ ಅಂದಾಗ ನನಗೇ ಸಂಕಟವಾಗುತ್ತಿತ್ತು. ಮೂರು ವರ್ಷ ಅವನು ದಿನಾ ಎನ್.ಸಿ.ಸಿ. ಪರೇಡಿನ ಮೈದಾನದ ಪಕ್ಕದಲ್ಲೇ ನಡೆದು ತರಗತಿಗೆ ಹೋಗಿದ್ದ. ಆದರೂ ಯಾರೂ ಅವನಿಗೆ ಹೇಳಿರಲಿಲ್ಲ.

ಅದನ್ನು ಹೇಳುವುದಕ್ಕೇ ಇವತ್ತು ನಿಮ್ಮ ಮುಂದೆ ಕೂತಿದ್ದೇನೆ.

ನಾನು ತಾಲ್ಲೂಕು ಊರೊಂದರ ಪದವಿ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಜೊತೆಗೆ ಎನ್.ಸಿ.ಸಿ. ಅಧಿಕಾರಿಯ ಹೊಣೆಯೂ ನನಗಿತ್ತು. ನಾಗಪುರದ ಹತ್ತಿರ ಕಾಮ್ಟಿ ಅಂತ ಊರಿದೆ. ನಮ್ಮಂಥ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಅಕಾಡೆಮಿ ಅಲ್ಲಿದೆ. ಅಲ್ಲಿ ಹೋಗಿ ಬೂಟು ಕಟ್ಟುವುದನ್ನು ಮೊದಲಿನಿಂದ ಕಲಿತು ಬಂದೆ.

ಕಾಲೇಜಿನಿಂದ ಸೇನೆಗೆ ಹೋಗುವ ದಾರಿ ಹೊಸದಲ್ಲ. ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. ಮಡಿಕೇರಿಯಲ್ಲಿ ಶಾಲೆ ಮುಗಿಸಿ 1917ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ್ದರು. ಭಾರತೀಯರನ್ನೂ ಸೇನೆಯಲ್ಲಿ ಅಧಿಕಾರಿಗಳನ್ನಾಗಿ ಮಾಡುತ್ತಾರೆ ಎಂಬ ಸುದ್ದಿ ಸಿಕ್ಕಿತು, ಅರ್ಜಿ ಹಾಕಿದರು, ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿಗೆ ಆಯ್ಕೆಯಾದರು. ಮುಂದೆ 1949ರ ಜನವರಿ 15ರಂದು ಇಡೀ ಸೇನೆಯ ಹೊಣೆ ಹೊತ್ತ ಮೊದಲ ಭಾರತೀಯ ಅವರೇ. ಅದೇ ದಿನವನ್ನು ಇವತ್ತಿಗೂ ಸೇನಾ ದಿನ ಎಂದು ಆಚರಿಸುತ್ತೇವೆ.

ಆ ಹೊತ್ತಿಗೆ ಎನ್.ಸಿ.ಸಿ. ಶುರುವಾಗಿ ಆರು ತಿಂಗಳಾಗಿತ್ತು. 1948ರ ಏಪ್ರಿಲ್‌ನಲ್ಲಿ ಅದಕ್ಕಾಗಿ ಕಾನೂನು ಬಂತು, ಜುಲೈನಲ್ಲಿ ಅದು ಶುರುವಾಯಿತು. ಮರುವರ್ಷ ಹುಡುಗಿಯರ ವಿಭಾಗವೂ ಬಂತು. ಚೀನಾ ಯುದ್ಧದ ನಂತರ ಕೆಲವು ವರ್ಷ ಕಾಲೇಜು ವಿದ್ಯಾರ್ಥಿಗಳಿಗೆ ಅದು ಕಡ್ಡಾಯವೇ ಆಗಿತ್ತು. ಈಗ ಇಷ್ಟವಿದ್ದವರು ಮಾತ್ರ ಸೇರುತ್ತಾರೆ. ಅದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಎಳೆದು ತಂದು ನಿಲ್ಲಿಸಿದವನ ಎದೆ ಸೆಟೆಯುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪದವಿ ಓದುವವರಿಗೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು ಯು.ಪಿ.ಎಸ್.ಸಿ. ವರ್ಷಕ್ಕೆ ಎರಡು ಸಲ ನಡೆಸುವ ಸಿ.ಡಿ.ಎಸ್., ಅಂದರೆ ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್ ಪರೀಕ್ಷೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ, ತಲಾ 100 ಅಂಕ. ಚೆನ್ನೈನಲ್ಲಿರುವ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಮಾತ್ರ ಹೋಗುವವರಿಗೆ ಗಣಿತ ಬೇಡ. ಎರಡನೆಯದು ಎನ್.ಸಿ.ಸಿ. ಸ್ಪೆಷಲ್ ಎಂಟ್ರಿ. ಈ ದಾರಿಯ ವಿಷಯ ದಯವಿಟ್ಟು ಗಮನ ಕೊಟ್ಟು ಕೇಳಿ. ಎನ್.ಸಿ.ಸಿ.ಯ 'ಸಿ' ಸರ್ಟಿಫಿಕೇಟಿನಲ್ಲಿ ಕನಿಷ್ಠ 'ಬಿ' ಗ್ರೇಡ್ ಇರಬೇಕು. ಪದವಿಯಲ್ಲಿ 50 ಪರ್ಸೆಂಟ್ ಬೇಕು. ವಯಸ್ಸು 19ರಿಂದ 25. ಮದುವೆ ಆಗಿರಬಾರದು. ಇಷ್ಟಿದ್ದರೆ ಲಿಖಿತ ಪರೀಕ್ಷೆಯೇ ಇಲ್ಲ! ಅರ್ಜಿಗಳನ್ನು ಸೋಸಿ ನೇರವಾಗಿ ಸಂದರ್ಶನಕ್ಕೆ ಕರೆಯುತ್ತಾರೆ. ಹುಡುಗರಿಗೂ ಉಂಟು, ಹುಡುಗಿಯರಿಗೂ ಉಂಟು. ಇಂಜಿನಿಯರಿಂಗ್ ಓದಿದವರಿಗೆ ಬೇರೆ ದಾರಿಗಳೂ ಇವೆ, ಅದು ಇನ್ನೊಂದು ದಿನದ ಮಾತು.

ಆದರೆ 'ಸಿ' ಸರ್ಟಿಫಿಕೇಟು ಕೊನೆಯ ವರ್ಷ ಅರ್ಜಿ ಹಾಕಿ ತರುವ ಕಾಗದವಲ್ಲ. ಮೊದಲು 'ಬಿ' ಪರೀಕ್ಷೆ ಪಾಸಾಗಬೇಕು. ಕ್ಯಾಂಪುಗಳಿಗೆ ಹೋಗಿರಬೇಕು. ಪರೇಡಿನ ಹಾಜರಿ 75 ಪರ್ಸೆಂಟ್ ಇರಬೇಕು. ಮೂರನೇ ವರ್ಷದಲ್ಲಿ 'ಸಿ' ಪರೀಕ್ಷೆ. ಅಂದರೆ ಮೊದಲ ವರ್ಷ ಸೇರದಿದ್ದರೆ ಆ ಬಾಗಿಲು ಮುಚ್ಚಿದ ಹಾಗೇ.

ಆ ಮೂರು ವರ್ಷದಲ್ಲಿ ಏನು ಕಲಿಸುತ್ತಾರೆ? ಹೊರಗಿನವರಿಗೆ ಕಾಣುವುದು ಸಾವಧಾನ್, ವಿಶ್ರಾಮ್, ತೇಜ್ ಚಲ್. ಬಿಸಿಲಲ್ಲಿ ಕೈಕಾಲು ಬೀಸುವುದು. ಸೇನೆಯಿಂದ ಬಂದ ಹವಾಲ್ದಾರರು ಹೇಳಿಕೊಡುತ್ತಾರೆ, ಮಕ್ಕಳು ಅವರನ್ನು 'ಉಸ್ತಾದ್' ಅನ್ನುತ್ತಾರೆ. ನಕಾಶೆ ಓದುವುದು, ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಗುಂಡು ಹೊಡೆಯುವುದು, ಪ್ರಥಮ ಚಿಕಿತ್ಸೆ, ಎಲ್ಲವೂ ಇದೆ. ಆದರೆ ನಿಜವಾದ ಕಲಿಕೆ ನಡೆಯುವುದು ಹತ್ತು ದಿನದ ಕ್ಯಾಂಪಿನಲ್ಲಿ.

ಒಂದು ಕ್ಯಾಂಪಿನ ರಾತ್ರಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಊಟದ ಸಾಲು ಉದ್ದವಿತ್ತು. ಬಡಿಸುವ ಪಾಳಿ ನಮ್ಮ ಕಾಲೇಜಿನ ಒಬ್ಬ ಸಾರ್ಜೆಂಟ್ ಹುಡುಗನದು. ಕೊನೆಯಲ್ಲಿ ಅನ್ನ ಉಳಿದಿದ್ದು ಒಂದು ತಟ್ಟೆಯಷ್ಟು. ಅಷ್ಟರಲ್ಲಿ ಸೆಂಟ್ರಿ ಡ್ಯೂಟಿ ಮುಗಿಸಿ ಬೇರೆ ಕಾಲೇಜಿನ ಹುಡುಗನೊಬ್ಬ ಬಂದ. ನಮ್ಮವನು ಒಂದು ಮಾತೂ ಆಡದೆ ಅವನಿಗೆ ಬಡಿಸಿ, ತಾನು ಪಾತ್ರೆ ತೊಳೆಯಲು ಹೋದ. ನಾನು ಕೇಳಿದರೆ, "ಹಸಿವಿಲ್ಲ ಸಾರ್" ಅಂದ. ಇಡೀ ದಿನ ಮೈದಾನದಲ್ಲಿದ್ದವನಿಗೆ ಹಸಿವಿಲ್ಲವಂತೆ!

ಡೆಹ್ರಾಡೂನಿನ ಸೇನಾ ಅಕಾಡೆಮಿಯ ಉದ್ಘಾಟನೆ 1932ರ ಡಿಸೆಂಬರ್ 10ರಂದು ನಡೆಯಿತು. ಆಗ ಅಲ್ಲಿದ್ದದ್ದು 40 ಕೆಡೆಟ್‌ಗಳು. ಅಂದು ಚೆಟ್‌ವುಡ್ ಎಂಬ ಸೇನಾಧಿಪತಿ ಅವರಿಗೆ ಮೂರು ಮಾತು ಹೇಳಿದರು. ದೇಶದ ರಕ್ಷಣೆ, ಗೌರವ, ಒಳಿತು ಎಲ್ಲಕ್ಕಿಂತ ಮೊದಲು. ನಿನ್ನ ಕೈಕೆಳಗಿನವರ ಗೌರವ, ಒಳಿತು, ನೆಮ್ಮದಿ ಆಮೇಲೆ. ನಿನ್ನ ಸ್ವಂತ ಸುಖ, ಸುರಕ್ಷತೆ ಯಾವಾಗಲೂ ಕೊನೆಗೆ. ಆ ಮಾತನ್ನು ಅಕಾಡೆಮಿಯಲ್ಲಿ ಇವತ್ತಿಗೂ ಉಳಿಸಿಕೊಂಡಿದ್ದಾರೆ. ನಮ್ಮ ಹುಡುಗ ಅದನ್ನು ಓದಿರಲಿಲ್ಲ. ಆದರೆ ಅನ್ನದ ಪಾತ್ರೆಯ ಮುಂದೆ ನಿಂತು ಅದನ್ನು ಮಾಡಿ ತೋರಿಸಿದ. ಅಧಿಕಾರಿ ಅಂದರೆ ಯಾರು ಅಂತ ಕೇಳಿದಾಗೆಲ್ಲ ನನಗೆ ನೆನಪಾಗುವುದು ಆ ಹುಡುಗ.

ಆಗಲೇ ಹೇಳಿದ ಸಂದರ್ಶನ ನಡೆಸುವ ಆಯ್ಕೆ ಮಂಡಳಿಯೇ ಎಸ್.ಎಸ್.ಬಿ. ಅವರು ಹುಡುಕುವುದೂ ಇಂಥವರನ್ನೇ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೇ ಅದರ ಕೇಂದ್ರವೊಂದಿದೆ. ಎಷ್ಟೋ ದೂರದ ರಾಜ್ಯದ ಮಕ್ಕಳು ಎರಡು ರಾತ್ರಿ ರೈಲಿನಲ್ಲಿ ಕೂತು ಅಲ್ಲಿಗೆ ಬರುತ್ತಾರೆ. ಐದು ದಿನದ ಪರೀಕ್ಷೆ. ಮೊದಲ ದಿನವೇ ಸೋಸಿಬಿಡುತ್ತಾರೆ, ಬಹಳ ಜನ ಮಧ್ಯಾಹ್ನವೇ ಚೀಲ ಹೊತ್ತು ವಾಪಸ್. ಉಳಿದವರ ಎದೆಗೆ ನಂಬರಿನ ಬಟ್ಟೆ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಹೆಸರಿಲ್ಲ, ನಂಬರೇ ಹೆಸರು.

ಅಳೆಯುವವರು ಮೂವರು. ಮನಶ್ಶಾಸ್ತ್ರಜ್ಞರು ನೀವು ಬರೆದದ್ದನ್ನು ಮಾತ್ರ ನೋಡುತ್ತಾರೆ. ಸಂದರ್ಶನದ ಅಧಿಕಾರಿ ನಿಮ್ಮ ಮಾತು ಕೇಳುತ್ತಾರೆ. ಮೈದಾನದ ಅಧಿಕಾರಿ ನೀವು ಮಾಡಿದ್ದನ್ನು ನೋಡುತ್ತಾರೆ. ಒಬ್ಬರ ಅಂದಾಜು ಇನ್ನೊಬ್ಬರಿಗೆ ಕೊನೆಯ ದಿನದವರೆಗೂ ಗೊತ್ತಿರುವುದಿಲ್ಲ. ಇದನ್ನು ಎಸ್.ಎಸ್.ಬಿ. ವಲಯದವರೇ ಮನಸಾ, ವಾಚಾ, ಕರ್ಮಣಾ ಅನ್ನುತ್ತಾರೆ. ನಮ್ಮ ಅಜ್ಜಂದಿರು ತ್ರಿಕರಣ ಶುದ್ಧಿ ಅಂತ ಹೇಳುತ್ತಿದ್ದರಲ್ವಾ, ಅದೇ. ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಅರವತ್ತು ಪದಗಳು ಒಂದೊಂದಾಗಿ ಮೂಡುತ್ತವೆ, ಒಂದೊಂದಕ್ಕೆ 15 ಸೆಕೆಂಡ್, ತಕ್ಷಣ ವಾಕ್ಯ ಬರೆಯಬೇಕು. ಅಷ್ಟು ಬೇಗ ಬರೆಯುವಾಗ ಸುಳ್ಳು ಹೊಸೆಯಲು ಆಗುವುದಿಲ್ಲ.

ಇಲ್ಲೇ ನಮ್ಮ ಒಬ್ಬ ಹುಡುಗಿಯ ಕಥೆ ಹೇಳಬೇಕು. ಶೇಂಗಾ ಬೆಳೆಯುವ ಮನೆ. ಕನ್ನಡ ಮಾಧ್ಯಮ. 'ಸಿ' ಸರ್ಟಿಫಿಕೇಟು ಪಡೆದಳು, ಎಸ್.ಎಸ್.ಬಿ.ಗೆ ಕರೆ ಬಂತು. ಭಯಕ್ಕೆ ಒಂದು ಕೋಚಿಂಗ್ ಕೇಂದ್ರಕ್ಕೆ ಹೋದಳು. ಎಸ್.ಎಸ್.ಬಿ.ಯಲ್ಲಿ ಮಸುಕಾದ ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಆ ಕಥೆಯನ್ನು ಕೋಚಿಂಗಿನವರು ಮೊದಲೇ ಬಾಯಿಪಾಠ ಮಾಡಿಸಿದರು. ಮೊದಲ ದಿನ ಗುಂಪಿನಲ್ಲಿ ಕಥೆ ಹೇಳುವ ಸರದಿ ಬಂತು. ಇವಳಿಗಿಂತ ಮೊದಲೇ ಮೂವರು ಅದೇ ಕಥೆ ಹೇಳಿ ಮುಗಿಸಿದ್ದರು! ಇವಳ ನಾಲಿಗೆ ಒಣಗಿತು. ಸಂಜೆ ಬಸ್ಸಿಗೆ ಊರಿಗೆ ಬಂದಳು.

ನಾನು ಅವಳಿಗೆ ಹೇಳಿದ್ದು ಇಷ್ಟೇ. "ನಿನ್ನ ಹತ್ತಿರ ಕಥೆ ಇಲ್ವೇನಮ್ಮಾ? ಬರಗಾಲದ ವರ್ಷ ನಿಮ್ಮವ್ವ ಮನೆ ನಡೆಸಿದ್ದು ಕಥೆಯಲ್ವಾ? ಊರಿನ ಕೊಳವೆಬಾವಿ ಕೆಟ್ಟಾಗ ನೀನು ಹುಡುಗಿಯರನ್ನು ಕಟ್ಟಿಕೊಂಡು ಪಂಚಾಯ್ತಿಗೆ ಹೋದದ್ದು ಕಥೆಯಲ್ವಾ?" ಇಂಗ್ಲಿಷಿಗೆ ದಿನಾ ಒಂದು ತಾಸು ಕೂತಳು. ಖಾಲಿ ತರಗತಿಯಲ್ಲಿ ಒಂದು ವಿಷಯ ಹಿಡಿದು ಮೂರು ನಿಮಿಷ ಮಾತಾಡುವುದು, ನಾನು ಕೊನೆಯ ಬೆಂಚಿನಲ್ಲಿ ಕೂತು ಕೇಳುವುದು. ಇಂಗ್ಲಿಷ್ ಬೇಕೇ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆಲಸ ನಡೆಯುವಷ್ಟು ಸಾಕು. ಚಂದದ ಉಚ್ಚಾರಕ್ಕೆ ಅಲ್ಲಿ ಯಾರೂ ಮಾರುಹೋಗುವುದಿಲ್ಲ.

ಎರಡನೇ ಸಲ ಐದೂ ದಿನ ಉಳಿದಳು, ಆಯ್ಕೆಯಾಗಲಿಲ್ಲ. ಮೂರನೇ ಸಲ ಮೈದಾನದ ಪರೀಕ್ಷೆ ಮುಗಿದ ಸಂಜೆ ಫೋನ್ ಮಾಡಿದಳು. ಕಮಾಂಡ್ ಟಾಸ್ಕ್ ಅಂತ ಒಂದಿರುತ್ತದೆ. ಒಬ್ಬೊಬ್ಬರನ್ನೇ ನಾಯಕನನ್ನಾಗಿ ಮಾಡಿ, ಹಲಗೆ, ಮರದ ಬೊಡ್ಡೆ, ಹಗ್ಗ ಕೊಟ್ಟು ಒಂದು ತಡೆಯನ್ನು ದಾಟಲು ಹೇಳುತ್ತಾರೆ. ಸಹಾಯಕ್ಕೆ ಗುಂಪಿನಿಂದ ಇಬ್ಬರನ್ನು ನಾಯಕನೇ ಆರಿಸಿಕೊಳ್ಳಬೇಕು. "ಸಾರ್, ಮೂರು ಜನ ನನ್ನನ್ನೇ ಕರೆದ್ರು" ಅಂದಳು. ಅಷ್ಟು ಹೊತ್ತಿಗೇ ನನಗೆ ಧೈರ್ಯ ಬಂತು. ಪಕ್ಕದಲ್ಲಿ ಇವಳಿದ್ದರೆ ಕೆಲಸ ಆಗುತ್ತದೆ ಅಂತ ನಾಲ್ಕು ದಿನದಲ್ಲಿ ಅಪರಿಚಿತರಿಗೆ ಅನಿಸಿತ್ತು. ಅದನ್ನು ಯಾವ ಕೋಚಿಂಗೂ ಕಲಿಸಲಾರದು. ಮರುದಿನ ಅವಳ ನಂಬರು ಕೂಗಿದರು.

ಆಮೇಲೆ ಚೆನ್ನೈ. ಪರಂಗಿಮಲೈ ಪಕ್ಕದ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ. 1962ರ ಯುದ್ಧದ ನಂತರ ಅಧಿಕಾರಿಗಳು ತುರ್ತಾಗಿ ಬೇಕಾದಾಗ, 1963ರಲ್ಲಿ ಶುರುವಾದದ್ದು. 1992ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ತರಬೇತಿ. 49 ವಾರ. ಡೆಹ್ರಾಡೂನಿಗೆ ಸಿ.ಡಿ.ಎಸ್. ಮೂಲಕ ಹೋಗುವವರಿಗೆ 18 ತಿಂಗಳು. ಹೋಗುವ ಮೊದಲೇ ಹುಡುಗರಿಗೆ 2.4 ಕಿಲೋಮೀಟರನ್ನು 10 ನಿಮಿಷ 30 ಸೆಕೆಂಡಿನಲ್ಲಿ ಓಡುವ ಮೈ ಇರಬೇಕು ಅನ್ನುತ್ತಾರೆ. ಹಲ್ಲು, ಕಿವಿ, ಕಣ್ಣು, ಪಾದ ಎಲ್ಲ ಪರೀಕ್ಷೆ ಮಾಡುತ್ತಾರೆ. ಹಳ್ಳಿ ಮಕ್ಕಳು ಹಲ್ಲಿನ ಡಾಕ್ಟರನ್ನು ನೋಡಿಯೇ ಇರುವುದಿಲ್ಲ, ಒಮ್ಮೆ ಮುಂಚಿತವಾಗಿ ತೋರಿಸಿಕೊಳ್ಳಿ.

ತಂದೆ ತಾಯಂದಿರಿಗೆ ಒಂದು ಮಾತು. ತರಬೇತಿಗೆ ನೀವು ಒಂದು ರೂಪಾಯಿ ಶುಲ್ಕ ಕಟ್ಟಬೇಕಿಲ್ಲ. ತರಬೇತಿಯ ಕಾಲದಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೊಡುತ್ತಾರೆ. ಚೆನ್ನೈನಿಂದ ಹೊರಬಂದವರ ಸೇವೆ ಮೊದಲಿಗೆ 10 ವರ್ಷ, ಬೇಕಾದರೆ ಇನ್ನೂ 4 ವರ್ಷ ಮುಂದುವರಿಸಬಹುದು, ಕಾಯಂ ಆಗುವ ಅವಕಾಶವೂ ಇದೆ. ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಚಂಡೀಗಢದ ಕಾಲೇಜಿನಲ್ಲಿ ಎನ್.ಸಿ.ಸಿ. ಕೆಡೆಟ್ ಆಗಿದ್ದ ವಿಕ್ರಮ್ ಬಾತ್ರಾ ಸಿ.ಡಿ.ಎಸ್. ಮೂಲಕವೇ ಡೆಹ್ರಾಡೂನಿಗೆ ಹೋದವರು. 1999ರಲ್ಲಿ ಕಾರ್ಗಿಲ್‌ನಲ್ಲಿ ಪ್ರಾಣ ಕೊಟ್ಟರು, 24 ವರ್ಷ. ಈ ಮಾತನ್ನು ಮನೆಯಲ್ಲಿ ಕೂತು, ಮಕ್ಕಳ ಜೊತೆ, ಮುಚ್ಚುಮರೆ ಇಲ್ಲದೆ ಆಡಬೇಕು. ಆಡಿದ ಮೇಲೂ ಹೋಗುತ್ತೇನೆ ಅಂದರೆ ತಡೆಯಬೇಡಿ.

ಚೆನ್ನೈನ ಪರೇಡ್ ಮೈದಾನಕ್ಕೆ ಮೇಜರ್ ಪರಮೇಶ್ವರನ್ ಅವರ ಹೆಸರಿದೆ. ಅದೇ ಅಕಾಡೆಮಿಯಲ್ಲಿ ಕಲಿತು, 1987ರಲ್ಲಿ ಶ್ರೀಲಂಕಾದಲ್ಲಿ ಮಡಿದು, ಪರಮವೀರ ಚಕ್ರ ಪಡೆದವರು. ಅದೇ ನೆಲದ ಮೇಲೆ ನಮ್ಮ ಹುಡುಗಿ 'ಅಂತಿಮ್ ಪಗ್', ಅಂದರೆ ತರಬೇತಿಯ ಕೊನೆಯ ಹೆಜ್ಜೆ, ದಾಟಿದಳು. ಆಮೇಲೆ ಹೆಗಲಿಗೆ ನಕ್ಷತ್ರ ಇಡುವ ಹೊತ್ತು. ಅವಳ ಅವ್ವನ ಕೈ ನಡುಗುತ್ತಿತ್ತು. ಪಿನ್ನು ಸರಿಯಾಗಿ ಕೂರಲಿಲ್ಲ. "ನಿಧಾನಕ್ಕೆ ಹಾಕವ್ವ, ನಾನು ಎಲ್ಲಿಗೂ ಓಡಿಹೋಗಲ್ಲ" ಅಂದಳು ಲೆಫ್ಟಿನೆಂಟ್.

ಹೊಸ ತರಗತಿಗಳು ಶುರುವಾದಾಗ ನಿಮ್ಮ ಕಾಲೇಜಿನ ಗೋಡೆಯ ಮೇಲೆ ಎನ್.ಸಿ.ಸಿ. ನೋಟಿಸು ಬೀಳುತ್ತದೆ. ಒಂದೆರಡು ವಾರ ಇರುತ್ತದೆ ಅಷ್ಟೇ. ಕಾಣದಿದ್ದರೆ ಆಫೀಸಿನಲ್ಲಿ ಕೇಳಿ, ಯಾವ ಮೇಷ್ಟ್ರು ನೋಡಿಕೊಳ್ಳುತ್ತಾರೆ ಅಂತ ತಿಳಿದುಕೊಳ್ಳಿ. ಆಯ್ಕೆಯ ದಿನ ಎತ್ತರ ಅಳೆಯುತ್ತಾರೆ, ಓಡಿಸುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಬೂಟು ಇಲ್ಲ ಅಂತ ಹಿಂಜರಿಯಬೇಡಿ. ಆ ಹುಡುಗಿ ಅಂದು ಚಪ್ಪಲಿಯನ್ನು ಬೇವಿನ ಮರದ ಬುಡದಲ್ಲಿ ಬಿಟ್ಟು, ಬರಿಗಾಲಲ್ಲಿ ಓಡಿದ್ದಳು.

ನಮಸ್ಕಾರ.